ಸಬ್ಜೆಕ್ಟ್ ಗೊತ್ತಿದ್ದರೆ ಪಾಠ ಮಾಡೋಕೆ ಸಾಕಲ್ವಾ?

ಹೈಸ್ಕೂಲಿನಲ್ಲಿ ಬಹಳ ವರ್ಷ ಗಣಿತ, ವಿಜ್ಞಾನ ಪಾಠ ಮಾಡಿದವನು ನಾನು. ಈಗ ಬಿ.ಎಡ್. ವಿದ್ಯಾರ್ಥಿಗಳಿಗೆ ಅದೇ ವಿಷಯಗಳನ್ನು ಮಕ್ಕಳಿಗೆ ಕಲಿಸುವುದು ಹೇಗೆ ಅಂತ ಹೇಳಿಕೊಡುತ್ತೇನೆ. ಮದುವೆಮನೆಯಲ್ಲಿ ಸಿಕ್ಕ ನೆಂಟರಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಹುಡುಗಿ ಬಿ.ಎಸ್ಸಿ.ಯಲ್ಲಿ ಡಿಸ್ಟಿಂಕ್ಷನ್ ತೆಗೆದಿದ್ದಾಳೆ. ಆರನೇ ಕ್ಲಾಸಿನ ಲೆಕ್ಕ ಹೇಳಿಕೊಡೋಕೆ ಅವಳಿಗೆ ನೀವು ಕಲಿಸೋದೇನಿದೆ ಸಾರ್?"

ಸಬ್ಜೆಕ್ಟ್ ಚೆನ್ನಾಗಿ ಗೊತ್ತಿರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಸರಿಯಾಗಿ ಮಾಡಲು ಬರುವುದು ಬೇರೆ, ಮಗು ಎಲ್ಲಿ ಎಡವಿತು ಅಂತ ಗುರುತಿಸಲು ಬರುವುದು ಬೇರೆ. ಎರಡನೆಯದು ಡಿಗ್ರಿ ಓದುವಾಗ ಸಿಗುವುದಿಲ್ಲ. ಬಹಳ ವರ್ಷ ಕ್ಲಾಸಿನಲ್ಲಿ ನಿಂತವರು ಪಕ್ಕದಲ್ಲಿ ಕೂತು ತೋರಿಸಿಕೊಡಬೇಕು.

ಒಂದು ಪಾಠದ ಕಥೆ ಹೇಳುತ್ತೇನೆ. ಆರನೇ ತರಗತಿ, ದಶಮಾಂಶ. ನಮ್ಮ ಪ್ರಶಿಕ್ಷಣಾರ್ಥಿ ಬೋರ್ಡಿನ ಮೇಲೆ 0.35, 0.8 ಅಂತ ಬರೆದು ಯಾವುದು ದೊಡ್ಡದು ಅಂತ ಕೇಳಿದಳು. ಮುಕ್ಕಾಲು ಕ್ಲಾಸು "0.35" ಅಂತ ಕೂಗಿತು. ಎಂಟಕ್ಕಿಂತ ಮೂವತ್ತೈದು ದೊಡ್ಡದು ಅಲ್ವಾ? ಆಕೆ, "ಇಲ್ಲ, 0.8ರ ಕೊನೆಗೆ ಒಂದು ಸೊನ್ನೆ ಹಾಕಿ. ಈಗ 80, 35 ನೋಡಿ" ಅಂದಳು. ಮಕ್ಕಳು ಬರೆದುಕೊಂಡರು. ಆಮೇಲೆ ಕೊಟ್ಟ ಲೆಕ್ಕಗಳೆಲ್ಲ ಸರಿಯಾದವು. ಹೊರಗಿನಿಂದ ನೋಡಿದವರಿಗೆ ಒಳ್ಳೆಯ ಪಾಠವೇ.

ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕ್ಲಾಸು ಮುಗಿದ ಮೇಲೆ ಇಬ್ಬರೂ ಮಾತಾಡಿದೆವು. ಸೊನ್ನೆ ಹಾಕಿದ್ದು ತಪ್ಪಲ್ಲ. ಆದರೆ ಹಾಗೆ ಹಾಕಬಹುದು ಯಾಕೆ ಅಂತ ಹೇಳದಿದ್ದರೆ ಮಗು ಮತ್ತೆ ಪೂರ್ಣ ಸಂಖ್ಯೆಗಳನ್ನೇ ಹೋಲಿಸುತ್ತದೆ. 0.8 ಅಂದರೆ ಒಂದನ್ನು ಹತ್ತು ಭಾಗ ಮಾಡಿ ಎಂಟು ತೆಗೆದುಕೊಂಡದ್ದು ಅನ್ನುವುದು ಅದರ ತಲೆಗೆ ಹೋಗಿರುವುದೇ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ಕಿಟಕಿ ಪಕ್ಕದ ಹುಡುಗನೊಬ್ಬ ಮೊದಲೇ "0.8" ಅಂದಿದ್ದ. ಆಕೆ ಶಭಾಷ್ ಅಂದು ಮುಂದೆ ಹೋಗಿದ್ದಳು. ಅವನನ್ನು ಕರೆದು, ಹೇಗೆ ಗೊತ್ತಾಯಿತು ಅಂತ ಕೇಳಿದೆವು. "ಪಾಯಿಂಟ್ ಆದಮೇಲೆ ಕಮ್ಮಿ ಅಂಕಿ ಇದ್ದರೆ ದೊಡ್ಡದು" ಅಂದ. 0.73, 0.6 ಕೊಟ್ಟರೆ 0.6 ದೊಡ್ಡದು ಅಂದ! ಉತ್ತರ ಸರಿ ಇತ್ತು, ಯೋಚನೆ ತಪ್ಪಿತ್ತು. ಇದು ಅವನೊಬ್ಬನ ತಪ್ಪಲ್ಲ, ಬೇರೆ ಬೇರೆ ದೇಶಗಳ ಮಕ್ಕಳಲ್ಲೂ ಕಂಡದ್ದು. ಇದು ಗೊತ್ತಿರುವ ಮೇಷ್ಟ್ರು ಮೊದಲಿನಿಂದಲೇ ಎರಡೂ ಬಗೆಯ ಜೋಡಿ ಕೊಡುತ್ತಾರೆ: ಕಮ್ಮಿ ಅಂಕಿಯದ್ದು ದೊಡ್ಡದಾಗಿರುವುದು, ಜಾಸ್ತಿ ಅಂಕಿಯದ್ದು ದೊಡ್ಡದಾಗಿರುವುದು. ಆಗ ಯಾವ ತಪ್ಪು ಯೋಚನೆಯೂ ಸರಿ ಉತ್ತರದ ಹಿಂದೆ ಅಡಗಿ ಕೂರುವುದಿಲ್ಲ. ಮಾರನೇ ದಿನ ಆಕೆ ಮೀಟರ್ ಪಟ್ಟಿ ತಂದು, 0.73 ಮೀಟರ್ ಎಲ್ಲಿ, 0.6 ಮೀಟರ್ ಎಲ್ಲಿ ಅಂತ ಅದೇ ಹುಡುಗನಿಗೆ ಬೆರಳಿಟ್ಟು ತೋರಿಸಲು ಹೇಳಿದಳು.

ವಿಜ್ಞಾನದಲ್ಲೂ ಹೀಗೇ. ಒಂದು ಸೆಲ್, ಒಂದು ಟಾರ್ಚ್ ಬಲ್ಬ್, ಒಂದೇ ಒಂದು ತಂತಿ ಕೊಟ್ಟು ಬಲ್ಬ್ ಉರಿಸಿ ಅಂದರೆ, ವಿದ್ಯುತ್ ಮಂಡಲಗಳ ಕಿರ್ಚಾಫ್ ನಿಯಮದ ಲೆಕ್ಕ ಸರಾಗವಾಗಿ ಬಿಡಿಸುವವರೂ ತಡವರಿಸುತ್ತಾರೆ. ಬಲ್ಬಿನ ತಳದಲ್ಲಿ ಒಂದು, ಪಕ್ಕದ ಲೋಹದ ಸುತ್ತಿನಲ್ಲಿ ಒಂದು, ಹೀಗೆ ಎರಡು ಕಡೆ ಸಂಪರ್ಕ ಬೇಕು ಅನ್ನುವುದನ್ನು ಅವರು ಕೈಯಾರೆ ಮಾಡಿ ನೋಡಿರುವುದಿಲ್ಲ. ಮೊದಲು ಅವರೇ ತಡಕಾಡಬೇಕು. ಆಗ ಮಗು ತಡಕಾಡುವಾಗ ಸುಮ್ನೆ ಕಾಯುವ ತಾಳ್ಮೆ ಬರುತ್ತದೆ.

ಹಾಗಾದರೆ ಮೈಕ್ರೋಟೀಚಿಂಗ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅಲ್ಲಿ ಸಹಪಾಠಿಗಳೇ ಮಕ್ಕಳ ಪಾತ್ರ ಮಾಡುತ್ತಾರೆ. ಬೋರ್ಡಿನ ಬರವಣಿಗೆ, ಪ್ರಶ್ನೆ ಕೇಳುವ ರೀತಿ, ಧ್ವನಿ ಇವಕ್ಕೆಲ್ಲ ಅದು ಒಳ್ಳೆಯದೇ. ಆದರೆ ಆ ಕಿಟಕಿ ಪಕ್ಕದ ಹುಡುಗನ ಉತ್ತರ ಅಲ್ಲಿ ಬರುವುದಿಲ್ಲ. ಅದಕ್ಕೆ ಶಾಲೆಯೇ ಬೇಕು.

ಈ ತಿಳಿವಳಿಕೆ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಮೈಸೂರಿನ ಆರ್.ಐ.ಇ., ಅಂದರೆ ಪ್ರಾದೇಶಿಕ ಶಿಕ್ಷಣ ಸಂಸ್ಥೆ, 1963ರಲ್ಲೇ ಶುರುವಾಯಿತು. ವಿಜ್ಞಾನವನ್ನೂ ಬೋಧನೆಯನ್ನೂ ನಾಲ್ಕು ವರ್ಷ ಒಟ್ಟಿಗೆ ಕಲಿಸುವ ಕೋರ್ಸ್ ಅಲ್ಲಿದೆ. ಕ್ಯಾಂಪಸ್ಸಿನೊಳಗೇ ಮಕ್ಕಳ ಶಾಲೆ ಇದೆ. ಅಮೆರಿಕದ ಆಸ್ಟಿನ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯ 1997ರಲ್ಲಿ ಯೂಟೀಚ್ ಅನ್ನುವ ಕಾರ್ಯಕ್ರಮ ಶುರುಮಾಡಿತು. ಶಾಲೆಗಳಲ್ಲಿ ಪಳಗಿದ ಗಣಿತ, ವಿಜ್ಞಾನ ಶಿಕ್ಷಕರನ್ನೇ ಅದು ವಿಶ್ವವಿದ್ಯಾಲಯಕ್ಕೆ ಕರೆತಂದಿತು. ವಿಜ್ಞಾನ ಓದುವ ವಿದ್ಯಾರ್ಥಿಗಳು ಮೊದಲ ಕೋರ್ಸಿನಲ್ಲೇ ಪ್ರಾಥಮಿಕ ಶಾಲೆಗೆ ಹೋಗಿ ಪಾಠ ಮಾಡಿ, ಈ ಕೆಲಸ ತಮಗೆ ಹಿಡಿಸುತ್ತದಾ ಅಂತ ನೋಡುತ್ತಾರೆ. ಇದು ನನಗೆ ತುಂಬಾ ಇಷ್ಟವಾದ ವಿಷಯ. ಡಿಗ್ರಿ ಮುಗಿಸಿ, ಬೇರೇನೂ ಸಿಗದೆ ಬಿ.ಎಡ್.ಗೆ ಬರುವುದಕ್ಕಿಂತ ಇದು ಎಷ್ಟೋ ಮೇಲು.

ನಮ್ಮಲ್ಲಿ ಬಿ.ಎಡ್. 2015ರಿಂದ ಎರಡು ವರ್ಷದ್ದಾಯಿತು. ಶಾಲೆಗಳಲ್ಲಿ ಕಳೆಯುವ ಕಾಲವನ್ನು 20 ವಾರಕ್ಕೆ ಏರಿಸಿದ್ದಾರೆ. ಸಂತೋಷ. ಆದರೆ ಆ ವಾರಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವವರು ಯಾರು? ಹಾಜರಿ ನೋಡಿ, ಪಾಠಯೋಜನೆಯ ಪುಸ್ತಕಕ್ಕೆ ಸಹಿ ಹಾಕಿ ಹೊರಡುವ ಮೇಲ್ವಿಚಾರಣೆಯನ್ನು ಬೇಕಾದಷ್ಟು ನೋಡಿದ್ದೇನೆ. ಮಾರ್ಜಿನ್ನಿನಲ್ಲಿ "ಗುಡ್" ಅಂತ ಇರುತ್ತದೆ, ಅಷ್ಟೇ. ಒಂದು ಪಾಠ ಪೂರ್ತಿ ನೋಡಿ, ಆಮೇಲೆ ಅರ್ಧ ಗಂಟೆ ಮಾತಾಡಿದರೆ ಹತ್ತು ಸಹಿಗಿಂತ ಜಾಸ್ತಿ ಕೆಲಸವಾಗುತ್ತದೆ.

ಆದ್ದರಿಂದ ನಿಮ್ಮ ಮನೆಯ ಮಕ್ಕಳನ್ನು ಬಿ.ಎಡ್.ಗೆ ಸೇರಿಸುವಾಗ ಕಟ್ಟಡ, ರಿಸಲ್ಟ್ ನೋಡಿ ಸುಮ್ಮನಾಗಬೇಡಿ. ನಮ್ಮ ಹುಡುಗಿಯ ಪಾಠ ನೋಡೋಕೆ ಯಾರು ಬರುತ್ತಾರೆ, ಅವರು ಶಾಲೆಯಲ್ಲಿ ಪಾಠ ಮಾಡಿದವರಾ, ಪಾಠ ಮುಗಿದ ಮೇಲೆ ಕೂತು ಮಾತಾಡುತ್ತಾರಾ ಅಂತ ಕೇಳಿ. ಶಿಕ್ಷಣ ಇಲಾಖೆಯವರಲ್ಲೂ ನನ್ನದೊಂದು ಬೇಡಿಕೆ ಇದೆ. ಪ್ರಶಿಕ್ಷಣಾರ್ಥಿಗಳನ್ನು ಜೊತೆಗಿಟ್ಟುಕೊಂಡು ತಿದ್ದುವ ಶಾಲಾ ಶಿಕ್ಷಕರಿಗೆ ಆ ತಿಂಗಳುಗಳಲ್ಲಾದರೂ ವಾರಕ್ಕೆ ನಾಲ್ಕು ಪಿರಿಯಡ್ ಕಡಿಮೆ ಮಾಡಿ. ತಮ್ಮ ಪೂರ್ತಿ ಪಿರಿಯಡ್ ಮುಗಿಸಿ, ಊಟದ ಬಿಡುವಿನಲ್ಲಿ ಬುತ್ತಿ ಪಕ್ಕಕ್ಕಿಟ್ಟು ಹೇಳಿಕೊಡುವವರು ನನಗೆ ಗೊತ್ತಿರುವ ಶಾಲೆಗಳಲ್ಲೇ ಎಷ್ಟೋ ಜನ ಇದ್ದಾರೆ.