ಮರೆತದ್ದು ಬ್ಯಾಂಡ್, ಮರೆಯದ್ದು ಫೋನ್

ಫಿಟ್‌ನೆಸ್ ಬ್ಯಾಂಡ್ ಇವತ್ತು ಒಂದು ಗಂಟೆ ಆಟ ಆಡಿಸಿತು. ಫೋನ್‌ನಲ್ಲಿ ಹುಡುಕಿದರೆ ಅದರ ಹೆಸರು ಕಾಣುತ್ತದೆ, ಪೇರ್ ಮಾಡಲು ಹೋದರೆ ಎರಡೇ ಸೆಕೆಂಡಿಗೆ ಕನೆಕ್ಷನ್ ಕಟ್. ಚಾರ್ಜ್ ಮಾಡಿದೆ, ಫೋನ್ ಆಫ್ ಮಾಡಿ ಆನ್ ಮಾಡಿದೆ, ಸುಮ್ನೆ ಬೈದೂ ನೋಡಿದೆ.

ಆಮೇಲೆ ಹೊಳೆಯಿತು. ಬ್ಲೂಟೂತ್ ಲೋ ಎನರ್ಜಿಯಲ್ಲಿ (ಇಂಥ ಬ್ಯಾಂಡ್‌ಗಳು ಫೋನ್ ಜೊತೆ ಮಾತಾಡುವ, ಕಡಿಮೆ ಬ್ಯಾಟರಿ ತಿನ್ನುವ ಬ್ಲೂಟೂತ್) ಮೊದಲ ಸಲ ಪೇರ್ ಆದಾಗ, ಒಂದನ್ನೊಂದು ಗುರುತಿಸಲು ಎರಡೂ ಕಡೆ ಗುಟ್ಟಿನ ಕೀ ಉಳಿದುಕೊಳ್ಳುತ್ತದೆ. ನಿನ್ನೆ ನಾನೇ ಬ್ಯಾಂಡ್ ರೀಸೆಟ್ ಮಾಡಿದ್ದೆ. ಅದು ಎಲ್ಲ ಮರೆತಿತ್ತು. ಫೋನ್ ಮಾತ್ರ ಹಳೇ ಕೀ ಹಿಡಿದು ಕೂತಿತ್ತು. ಒಬ್ಬರು ಮರೆತು ಇನ್ನೊಬ್ಬರು ಮರೆಯದಿದ್ದರೆ ಮನುಷ್ಯರಿಗೂ ಮಾತು ಕೂಡುವುದಿಲ್ಲ, ಅಲ್ವಾ?

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಂಡ್ ಹೆಸರಿಗೆ 'ಫರ್ಗೆಟ್' ಒತ್ತಿ ಹೊಸದಾಗಿ ಪೇರ್ ಮಾಡಿದೆ. ತಕ್ಷಣ ಸೇರಿಕೊಂಡವು. ರೀಸೆಟ್‌ನಲ್ಲಿ ನಿನ್ನೆಯ ಹೆಜ್ಜೆಗಳ ಲೆಕ್ಕವೆಲ್ಲ ಹೋಯಿತು, ಅದೊಂದೇ ಬೇಜಾರು.