ಗಾಮಾ ಏರಿದ ಕೂಡಲೇ ಜೇಡಿ ಅಂತ ಬರೆಯಬೇಡಿ

ಬೋರ್‌ವೆಲ್ ಲಾಗಿಂಗ್ (ಬೋರ್ ಒಳಗೆ ಅಳೆಯುವ ಪ್ರೋಬ್ ಇಳಿಸಿ, ಯಾವ ಆಳದಲ್ಲಿ ಏನಿದೆ ಅಂತ ಗೆರೆಯಾಗಿ ದಾಖಲಿಸುವುದು) ಕೆಲಸಕ್ಕೆ ಹೊಸದಾಗಿ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ಗಾಮಾ ಅಂದರೆ ಕಲ್ಲಿನಿಂದ ಸಹಜವಾಗಿ ಬರುವ ವಿಕಿರಣ, ಅದು ಜಾಸ್ತಿ ಇದ್ದರೆ ಜೇಡಿ ಅಂತ ಪಾಠದಲ್ಲಿರುತ್ತದೆ, ನಿಜ. ಆದರೆ ಈ ವಿದ್ಯೆ ಬೆಳೆದದ್ದು ಎಣ್ಣೆ ಬಾವಿಗಳಲ್ಲಿ. 1927ರಲ್ಲಿ ಫ್ರಾನ್ಸ್‌ನ ಪೆಶೆಲ್‌ಬ್ರಾನ್‌ನಲ್ಲಿ ಷ್ಲಂಬರ್ಜೆ ಸಹೋದರರ ತಂಡ ಮೊದಲ ವಿದ್ಯುತ್ ಲಾಗ್ ತೆಗೆದದ್ದೂ ಎಣ್ಣೆ ಬಾವಿಯಲ್ಲೇ. ಅಂಥ ಕಡೆ ಮರಳುಗಲ್ಲು, ಜೇಡಿಗಲ್ಲು ಪದರ ಪದರವಾಗಿ ಇರುತ್ತವೆ. ಕೊಡಗಿನಲ್ಲಿ ಕೆಳಗೆ ಸಿಗುವುದು ನೈಸ್, ಚಾರ್ನೊಕೈಟ್ ಎಂಬ ಗಟ್ಟಿ ಬಂಡೆಗಳು. ನಡುವೆ ಪೆಗ್ಮಟೈಟ್ (ದೊಡ್ಡ ಹರಳುಗಳ ಕಲ್ಲು) ಎಳೆ ಬಂತು ಅಂದರೆ ಅದರ ಫೆಲ್ಡ್‌ಸ್ಪಾರ್ ಖನಿಜದಲ್ಲಿರುವ ಪೊಟ್ಯಾಸಿಯಂನ ವಿಕಿರಣದಿಂದಲೇ ಗಾಮಾ ಏರಿಬಿಡುತ್ತದೆ, ಅಲ್ಲಿ ಜೇಡಿ ಚೂರೂ ಇರುವುದಿಲ್ಲ.

ರೆಸಿಸ್ಟಿವಿಟಿಯೂ (ಕರೆಂಟ್ ಹರಿಯಲು ಕಲ್ಲು ಒಡ್ಡುವ ತಡೆ) ಹಾಗೇ. ಗಟ್ಟಿ ಬಂಡೆಯಲ್ಲಿ ಮೇಲೇ ಇರುವ ಗೆರೆ ನೀರಿನ ಬಿರುಕಿನಲ್ಲಿ ಕೆಳಗಿಳಿಯುತ್ತದೆ, ಆದರೆ ಜೇಡಿ ತುಂಬಿದ ಬಿರುಕಿನಲ್ಲೂ ಇಳಿಯುತ್ತದೆ, ಗೋಡೆ ಉದುರಿ ಬೋರ್ ಅಗಲವಾದ ಕಡೆಯೂ ಇಳಿಯುತ್ತದೆ. ಅದಕ್ಕೇ ಬೋರಿನ ಅಗಲ ಅಳೆಯುವ ಕ್ಯಾಲಿಪರ್ ಲಾಗ್ ಪಕ್ಕದಲ್ಲಿ ಇಟ್ಟುಕೊಳ್ಳದೆ ಓದಲೇಬಾರದು. ಮಾದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ಗೆರೆ ಎರಡು ಕಡೆ ಇಳಿದಿತ್ತು, ಎರಡೂ ಒಂದೇ ಥರ. ಟೆಂಪರೇಚರ್ ಲಾಗ್‌ನಲ್ಲಿ ಕೆಳಗಿನ ಬಿರುಕಿನ ಹತ್ತಿರ ಮಾತ್ರ ಗೆರೆ ಮುರಿದಿತ್ತು. ನೀರು ಓಡಾಡುತ್ತಿದ್ದದ್ದು ಅಲ್ಲಿ. ಮೇಲಿನದರಲ್ಲಿ ಕೊರೆಯುವಾಗ ಬಂದ ಪುಡಿ ನೋಡಿದರೆ ಬರೀ ಜೇಡಿ.

ಹಾಗಾಗಿ ಟೆಂಪರೇಚರ್ ಪ್ರೋಬ್ ಎಲ್ಲಕ್ಕಿಂತ ಮೊದಲು ಇಳಿಯಬೇಕು, ಇಳಿಯುವಾಗಲೇ ಓದಬೇಕು, ಯಾಕೆಂದರೆ ಬೇರೆ ಪ್ರೋಬ್ ಒಂದು ಸಲ ಹೋಗಿ ಬಂದರೆ ನೀರು ಕಲಕಿಹೋಗುತ್ತದೆ. ಗಾಮಾ, ರೆಸಿಸ್ಟಿವಿಟಿ, ಕ್ಯಾಲಿಪರ್ ಎಲ್ಲ ಮೇಲೆಳೆಯುವಾಗ, ಕೇಬಲ್ ಬಿಗಿಯಾಗಿದ್ದಾಗ.

ಇನ್ನೊಂದು ತೊಂದರೆ ಕೇಸಿಂಗ್. ನಮ್ಮಲ್ಲಿ ಮೇಲಿನ ಕೊಳೆತ ಕಲ್ಲು, ಮಣ್ಣು ದಪ್ಪ, ಅದು ಕುಸಿಯುತ್ತದೆ ಅಂತ ಗಟ್ಟಿ ಬಂಡೆ ಸಿಗುವವರೆಗೂ ಪೈಪ್ ಇಳಿಸಲೇಬೇಕು. ಪೈಪಿನೊಳಗೆ ರೆಸಿಸ್ಟಿವಿಟಿ ನಡೆಯಲ್ಲ, ನೀರಿಲ್ಲದ ಭಾಗದಲ್ಲೂ ನಡೆಯಲ್ಲ. ಗಾಮಾ ಮಾತ್ರ ಪೈಪ್ ದಾಟಿ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ್ದನ್ನು ನೋಡಿದ ನನಗೆ ಈ ಮೇಲಿನ ಭಾಗ ಎಷ್ಟು ದಪ್ಪ ಅನ್ನುವುದು ನೀರಿನಷ್ಟೇ ಮುಖ್ಯ. ಅದಕ್ಕೇ ಅಲ್ಲಿನ ಗಾಮಾ ಗೆರೆಯನ್ನು ಸುಮ್ನೆ ಬಿಡುವುದಿಲ್ಲ, ಪುಡಿಯ ಜೊತೆ ಹೋಲಿಸಿ ಬರೆದಿಡುತ್ತೇನೆ.

"ನೀರು ಬಂತಲ್ಲ ಸಾರ್, ಇನ್ಯಾಕೆ ಲಾಗ್?" ಅಂತ ತೋಟದವರು ಕೇಳುತ್ತಾರೆ. ನೀರು ಯಾವ ಆಳದಿಂದ ಬರುತ್ತಿದೆ ಅಂತ ಗೊತ್ತಾದರೆ ತಾನೇ ಮೋಟಾರ್ ಎಲ್ಲಿ ನಿಲ್ಲಿಸಬೇಕು ಅಂತ ಹೇಳಲಾಗುವುದು, ಅಲ್ವಾ? ದಯವಿಟ್ಟು ಮೋಟಾರ್ ಇಳಿಸುವ ಮುಂಚೆಯೇ ನಮ್ಮನ್ನು ಕರೆಯಿರಿ, ಕೊರೆಯುವಾಗ ಬಂದ ಪುಡಿಯನ್ನು ಆಳ ಬರೆದು ಕವರ್‌ಗಳಲ್ಲಿ ಎತ್ತಿಡಿ.