ಕ್ಲಿಂಗನ್ನರ ನಡೆ–ನುಡಿ: ನಾಲ್ಕನೆಯ ವಾರದ ಲೆಕ್ಕ

ಬಾಹ್ಯಾಕಾಶದ ಕತೆ ಹೇಳುವ ‘ಸ್ಟಾರ್ ಟ್ರೆಕ್’ ಟಿವಿ ಸರಣಿಗಳ ಅನ್ಯಗ್ರಹದ ಯೋಧಕುಲ ಕ್ಲಿಂಗನ್ನರು ಮಾತುಮಾತಿಗೆ ಎತ್ತುವ ಮಾನದ ಕಟ್ಟಳೆಯನ್ನು ಎಷ್ಟರಮಟ್ಟಿಗೆ ಪಾಲಿಸುತ್ತಾರೆ ಎಂಬುದನ್ನು ಕಂತು ಕಂತಾಗಿ ಬರೆದಿಡುವ ಕೆಲಸ ಈಗ ನಾಲ್ಕನೆಯ ವಾರಕ್ಕೆ ಬಂದಿದೆ. ನೋಟ್‌ಬುಕ್ಕಿನಲ್ಲಿ ಎಡಕ್ಕೆ ‘ನುಡಿ’, ಬಲಕ್ಕೆ ‘ನಡೆ’ ಎಂದು ಎರಡು ಅಂಕಣ ಎಳೆದುಕೊಂಡು ಆರಂಭಿಸಿದ್ದೆ. ಈ ವಾರ ಮೂರನೆಯದೊಂದನ್ನು ಸೇರಿಸಬೇಕಾಯಿತು.

ಮೊದಲು ಹಳೆಯ ಬಾಕಿ. 1967ರಲ್ಲಿ ತೆರೆಗೆ ಬಂದ ಮೊದಲ ಕ್ಲಿಂಗನ್ ದಂಡನಾಯಕ ಕೋರ್, ತಾನು ವಶಪಡಿಸಿಕೊಂಡ ಗ್ರಹದಲ್ಲಿ 200 ಮಂದಿ ನಿರಾಯುಧರನ್ನು ಕೊಲ್ಲಲು ಆಜ್ಞೆ ಮಾಡುತ್ತಾನೆ. ಅದೇ ಕೋರ್, ಅದೇ ನಟನ ಮೂಲಕ, 1994ರಲ್ಲಿ ‘ಡೀಪ್ ಸ್ಪೇಸ್ ನೈನ್’ ಸರಣಿಯಲ್ಲಿ ರಕ್ತಪ್ರತಿಜ್ಞೆಗೆ ಬದ್ಧನಾದ ಮುದಿ ವೀರನಾಗಿ ಮರಳುತ್ತಾನೆ. ಆರಂಭದ ಬರಹಗಾರರು ಅವನಿಗೆ ಮಾನದ ಕಟ್ಟಳೆಯನ್ನೇ ಕೊಟ್ಟಿರಲಿಲ್ಲವಾದ್ದರಿಂದ, ಮುರಿಯಲು ಅವನ ಬಳಿ ಏನೂ ಇರಲಿಲ್ಲವೆಂದು ಆ ಪುಟವನ್ನು ಲೆಕ್ಕದಿಂದ ಹೊರಗಿಟ್ಟಿದ್ದೇನೆ. ಕಣ್ಣಿಗೆ ಕಾಣದಂತೆ ಅಡಗುವ ಹಡಗಿನಿಂದ ದಾಳಿ ಮಾಡುವುದು ಹೇಡಿತನವಲ್ಲವೇ ಎಂಬ ಹಳೆಯ ಆಕ್ಷೇಪವನ್ನೂ ಬದಿಗಿಟ್ಟೆ. ಹೊಂಚು ಹಾಕದೆ ಬೇಟೆಯಿಲ್ಲ.

ನನ್ನ ಎರಡು ಅಂಕಣಗಳನ್ನು ಕೆಡಿಸಿದ್ದು ‘ನೆಕ್ಸ್ಟ್ ಜನರೇಷನ್’ ಸರಣಿಯ 1990ರ ಒಂದು ಕಂತು. ಕ್ಲಿಂಗನ್ನರ ಖಿಟೋಮರ್ ನೆಲೆಯನ್ನು ಶತ್ರುಗಳಾದ ರೋಮ್ಯುಲನ್ನರಿಗೆ ಒಪ್ಪಿಸಿದವನು ತನ್ನ ತಂದೆ ಮೋಗ್ ಎಂಬ ಆರೋಪವನ್ನು ಎದುರಿಸಲು, ಮಾನವರ ಹಡಗಿನಲ್ಲಿ ದುಡಿಯುವ ಕ್ಲಿಂಗನ್ ವರ್ಫ್, ಕ್ಲಿಂಗನ್ನರ ಉನ್ನತ ಮಂಡಳಿಯ ಮುಂದೆ ನಿಲ್ಲುತ್ತಾನೆ. ನಿಜವಾದ ದ್ರೋಹಿ ಆರೋಪ ಹೊರಿಸಿದ ಡುರಾಸ್‌ನ ತಂದೆಯೆಂಬುದು ಮಂಡಳಿಯ ಅಧಿಪತಿ ಕೆಂಪೆಕ್‌ಗೆ ಗೊತ್ತು. ಆದರೆ ಡುರಾಸ್ ಮನೆತನ ಬಲಿಷ್ಠವಾದದ್ದು, ಅದನ್ನು ಕೆಣಕಿದರೆ ಅಂತರ್ಯುದ್ಧವಾದೀತೆಂಬ ಅಂಜಿಕೆಯಿಂದ ಸತ್ಯವನ್ನು ಮುಚ್ಚಿಡಲಾಗುತ್ತದೆ. ವರ್ಫ್ ಬಹಿಷ್ಕಾರವನ್ನು ಒಪ್ಪಿಕೊಳ್ಳುತ್ತಾನೆ. ನೆರೆದವರು ಎದೆಯ ಮುಂದೆ ತೋಳುಗಳನ್ನು ಅಡ್ಡ ಹಿಡಿದು ಒಬ್ಬೊಬ್ಬರಾಗಿ ಅವನಿಗೆ ಬೆನ್ನು ತಿರುಗಿಸುತ್ತಾರೆ. ಒಡಹುಟ್ಟಿದ ಕುರ್ನ್ ಕೂಡ, ತಾನು ವರ್ಫ್‌ನ ತಮ್ಮನೆಂಬ ಗುಟ್ಟು ಬಯಲಾಗದಿರಲೆಂದು, ಹಾಗೆಯೇ ಮಾಡಬೇಕಾಗುತ್ತದೆ. ಈ ದೃಶ್ಯವನ್ನು ನಾಲ್ಕು ಬಾರಿ ನೋಡಿದೆ. ವಿಧಿಯಲ್ಲಿ ಎಳ್ಳಷ್ಟೂ ಲೋಪವಿಲ್ಲ, ಕಟ್ಟಳೆಯೆಲ್ಲ ಅಕ್ಷರಶಃ ಪಾಲನೆಯಾಗಿದೆ, ಆದರೆ ಬೆನ್ನು ತಿರುಗಿಸುವವರಲ್ಲಿ ನಿಜ ಬಲ್ಲವರೂ ಇದ್ದಾರೆ. ಇದನ್ನು ಯಾವ ಅಂಕಣಕ್ಕೆ ಹಾಕಲಿ? ಸುಳ್ಳನ್ನು ಹೊರಲು ಒಪ್ಪಿದ ವರ್ಫ್‌ನದೂ ಅದರಲ್ಲಿ ಪಾಲಿದೆಯಲ್ಲ!

ಹೀಗಾಗಿ ‘ಯಾರೆದುರು?’ ಎಂಬ ಮೂರನೆಯ ಅಂಕಣ ಬಂತು. ಅದು ಬಂದೊಡನೆ ಹಿಂದಿನ ನಮೂದುಗಳು ಬೇರೆಯೇ ರೀತಿ ಕಾಣತೊಡಗಿದವು. ಕೆಂಪೆಕ್‌ಗೆ ಗುಟ್ಟಾಗಿ, ಸ್ವಲ್ಪ ಸ್ವಲ್ಪವಾಗಿ ವಿಷವುಣಿಸಲಾಗುತ್ತದೆ; ಅವನ ಉತ್ತರಾಧಿಕಾರಕ್ಕೆ ಹೋರಾಡುವವರು ಸಭೆಯಲ್ಲಿ ಮಾನದ ಮಾತಾಡುತ್ತಾರೆ. 1991ರಲ್ಲಿ ಕೆಂಪೆಕ್‌ನ ಉತ್ತರಾಧಿಕಾರಿ ಗಾವ್ರಾನ್ ವರ್ಫ್‌ನ ಮನೆತನಕ್ಕೆ ಹೆಸರನ್ನು ಹಿಂದಿರುಗಿಸುವುದು ನ್ಯಾಯ ಕಂಡುಕೊಂಡಿದ್ದರಿಂದಲ್ಲ, ಅಂತರ್ಯುದ್ಧದಲ್ಲಿ ತನಗೆ ಹಡಗುಗಳ ಬೆಂಬಲ ಬೇಕಿದ್ದುದರಿಂದ. ಬಹುಪಾಲು ಕ್ಲಿಂಗನ್ನರು ಕಟ್ಟಳೆಯನ್ನು ಮುರಿಯುವುದಿಲ್ಲ. ನೋಡುವ ಕಣ್ಣಿದ್ದಾಗ ಪಾಲಿಸುತ್ತಾರೆ, ಇಲ್ಲದಾಗ ಮರೆಯುತ್ತಾರೆ ಎಂಬುದು ಸದ್ಯಕ್ಕೆ ನನ್ನ ಅಭಿಪ್ರಾಯ. ಕೆಳವರ್ಗದಿಂದ ಬಂದು 1999ರಲ್ಲಿ ಅಧಿಪತಿಯಾಗುವ ಮಾರ್ಟಾಕ್, ಮಾನವರ ನಡುವೆ ಬೆಳೆದ ವರ್ಫ್ — ಇವರು ಅದನ್ನು ಹೆಚ್ಚು ನಿಷ್ಠೆಯಿಂದ ಹಿಡಿದುಕೊಂಡಿರುವುದು ಆಕಸ್ಮಿಕವೆನಿಸುವುದಿಲ್ಲ.

ವಾರದ ಕೊನೆಯ ನಮೂದು ‘ಎಂಟರ್‌ಪ್ರೈಸ್’ ಸರಣಿಯ 2003ರ ಕಂತಿನ ಮುದಿ ವಕೀಲ ಕೋಲೋಸ್‌ನದು. ತನ್ನ ತಂದೆ ಶಿಕ್ಷಕ, ತಾಯಿ ಜೀವವಿಜ್ಞಾನಿ, ಎಲ್ಲರೂ ಯೋಧರೇ ಆಗಿರದ ಕಾಲವೊಂದಿತ್ತು ಎಂದು ನೆನೆಯುವ ಅವನು, ನ್ಯಾಯಪೀಠವನ್ನು ಟೀಕಿಸಿದ್ದಕ್ಕೆ ರೂರಾ ಪೆಂಥೆ ಎಂಬ ಸೆರೆತಾಣದ ಹಿಮಗಣಿಗೆ ದೂಡಲ್ಪಡುತ್ತಾನೆ. ತಪ್ಪಿಸಿಕೊಳ್ಳುವ ಅವಕಾಶ ಬಂದರೂ ಶಿಕ್ಷೆ ಮುಗಿಸಲು ಅಲ್ಲೇ ಉಳಿಯುತ್ತಾನೆ. ನುಡಿ, ನಡೆ ಎರಡನ್ನೂ ತುಂಬಿಸಿದೆ. ‘ಯಾರೆದುರು?’ ಎಂಬಲ್ಲಿ ಒಂದು ಅಡ್ಡಗೆರೆ ಎಳೆದಿದ್ದೇನೆ.